ದೋಣಿ ಇಂಜಿನ್ನಿಗೆ ಇ20 ಪೆಟ್ರೋಲು: ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ

ಪೆಟ್ರೋಲಿನಲ್ಲಿ ಓಡುವ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಇಂಜಿನ್, ಇಟ್ಟುಕೊಂಡವರಿಗೆ ಇದು. ನಾಡದೋಣಿ ಇರಲಿ, ಪ್ರವಾಸಿಗರನ್ನು ಹೊಳೆ ಸುತ್ತಿಸುವ ಫೈಬರ್ ಬೋಟು ಇರಲಿ, ಭಾನುವಾರ ಗಾಳ ಹಾಕಲು ಇಟ್ಟುಕೊಂಡ ಸಣ್ಣ ದೋಣಿ ಇರಲಿ, ಕೆಲಸ ಒಂದೇ. ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ, ದೋಣಿ ನಿಲ್ಲುವ ದಕ್ಕೆಗೆ ಹತ್ತಿರವೇ ನನ್ನ ರಿಪೇರಿ ಶೆಡ್ಡು. ಇಂಜಿನ್ ಹೊತ್ತು ತರುವವರ ಮೊದಲ ಮಾತು ಹೆಚ್ಚಾಗಿ ಹೀಗಿರುತ್ತದೆ: "ಸ್ಟಾರ್ಟೇ ಆತಿಲ್ಲ ಮಾರಾಯ, ಪ್ಲಗ್ ಹೋಯ್ತಾ ಕಾಣ್." ಪ್ಲಗ್ ಹೋಗಿರುವುದು ಅಪರೂಪ. ನಾನು ಮೊದಲು ಕೇಳುವುದು, "ಟ್ಯಾಂಕಲ್ಲಿರುವ ಪೆಟ್ರೋಲು ಯಾವಾಗಿನದು?" ಉತ್ತರ ಬರುವುದು ಸ್ವಲ್ಪ ತಡವಾದರೆ ರೋಗ ಯಾವುದೆಂದು ಗೊತ್ತಾಗುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಇ20. ಅಂದರೆ 100 ಲೀಟರಿನಲ್ಲಿ 20 ಲೀಟರ್ ಎಥನಾಲ್, ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತೆಗೆದ ಮದ್ಯಸಾರ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 10 ಸೇರಿತ್ತು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20ಕ್ಕೆ ಚಾಲನೆ ಕೊಟ್ಟರು. 2025ರಲ್ಲಿ ಅದು ಹೆಚ್ಚುಕಮ್ಮಿ ಎಲ್ಲ ಬಂಕಿಗೂ ಬಂತು. ಕಬ್ಬಿನ ರೈತನಿಗೆ ಇದರಿಂದ ಒಳ್ಳೆಯದಾಯಿತೋ ಇಲ್ಲವೋ ಎಂಬ ಜಗಳ ಬೇರೆ. ದಿನಾ ಓಡುವ ಬೈಕಿಗೆ ಇದು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಆದರೆ ದೋಣಿಯ ಕಥೆ ಹಾಗಲ್ಲ. ಅದು ನೀರಿನ ಮೇಲೆಯೇ ಇರುತ್ತದೆ, ಮಳೆಯಲ್ಲಿ ನೆನೆಯುತ್ತದೆ, ವಾರಗಟ್ಟಲೆ ಸುಮ್ನೆ ನಿಲ್ಲುತ್ತದೆ.

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿ ಹೇಗೆ ನೀರು ಬಿಡುತ್ತದೋ ಹಾಗೆ. ಹಳೆಯ ಪೆಟ್ರೋಲಿಗೆ ನೀರು ಬಿದ್ದರೆ ಅದು ತಳಕ್ಕೆ ಹೋಗಿ ಗುಂಡು ಗುಂಡಾಗಿ ಕೂರುತ್ತಿತ್ತು, ಬಸಿದು ಚೆಲ್ಲಿದರೆ ಮುಗಿಯಿತು. ಈಗಿನದರಲ್ಲಿ ನೀರು ಮೊದಲು ಕರಗಿಹೋಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲು ಲೀಟರಿಗೆ ಸುಮಾರು 5 ಮಿಲಿ ನೀರನ್ನು ಹೀಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲದು. ಇ20 ಇನ್ನೂ ಜಾಸ್ತಿ ಇಟ್ಟುಕೊಳ್ಳುತ್ತದೆ. ಕೇಳುವುದಕ್ಕೆ ಒಳ್ಳೆಯದೇ ಅನಿಸುತ್ತದೆ, ಅಲ್ವಾ? ಆದರೆ ಮಿತಿ ದಾಟಿದ ಗಳಿಗೆಯಲ್ಲಿ ನೀರು ಮಾತ್ರ ಕೆಳಗಿಳಿಯುವುದಿಲ್ಲ. ಎಥನಾಲನ್ನೂ ಕೈಹಿಡಿದು ಎಳೆದುಕೊಂಡು ಹೋಗುತ್ತದೆ. ಟ್ಯಾಂಕಿನಲ್ಲಿ ಎರಡು ಪದರ ಆಗುತ್ತದೆ. ಮೇಲೆ ಸಪ್ಪೆ ಪೆಟ್ರೋಲು, ಕೆಳಗೆ ನೀರು ಸೇರಿದ ಎಥನಾಲ್. ಇಂಜಿನ್ನಿಗೆ ಹೋಗುವ ಪೈಪು ಹೀರುವುದು ತಳದಿಂದ. ಹಾಗಾಗಿ ಮೊದಲು ಹೋಗುವುದು ಆ ಕೆಳಗಿನದೇ.

ಟೂ-ಸ್ಟ್ರೋಕ್ ಇಂಜಿನ್ನಿಗೆ ಇದು ಪ್ರಾಣಕ್ಕೇ ಬರುವ ವಿಷಯ. ಅದರ ಬೇರಿಂಗಿಗೂ ಪಿಸ್ಟನ್ನಿಗೂ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಪದರ ಬೇರೆಯಾದಾಗ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ, ಕೆಳಗಿನ ನೀರಿನಲ್ಲಿ ಎಣ್ಣೆ ಇರುವುದಿಲ್ಲ. ಇಂಜಿನ್ ಹೇಗೋ ಸ್ಟಾರ್ಟ್ ಆಗಿ ಓಡಿತು ಅಂತಿಟ್ಟುಕೊಳ್ಳಿ, ಓಡುವುದು ಒಣ ಬೇರಿಂಗಿನ ಮೇಲೆ. ಸ್ಟಾರ್ಟ್ ಆಗದೆ ಇದ್ದರೆ ನಿಮ್ಮ ಪುಣ್ಯ.

ನೀರು ಎಲ್ಲಿಂದ ಬರುತ್ತದೆ

ಗಾಳಿಯ ತೇವದಿಂದಲೇ ಟ್ಯಾಂಕು ನೀರಾಗುತ್ತದೆ ಎಂದು ಹೇಳುವವರಿದ್ದಾರೆ. ಸ್ವಲ್ಪ ಹೌದು. ಆದರೆ ಮುಚ್ಚಳದ ಸಣ್ಣ ಗಾಳಿತೂತಿನಿಂದ ಬರುವ ತೇವ ತುಂಬ ನಿಧಾನ. ನಾನು ಕಂಡ ಹಾಗೆ ನೀರು ಬರುವುದು ಕೈಯಿಂದ. ಮಳೆಯಲ್ಲಿ ದೋಣಿಯ ಅಡಿಗೆ ಬಿದ್ದಿದ್ದ ಲಾಳಿಕೆಯನ್ನು ಒರೆಸದೆ ಹಾಗೆಯೇ ಇಡುತ್ತಾರೆ. ಕುಡಿಯುವ ನೀರು ತಂದಿದ್ದ ಕ್ಯಾನಿಗೇ ಪೆಟ್ರೋಲು ಹಾಕಿಸುತ್ತಾರೆ. ಟ್ಯಾಂಕಿನ ಮುಚ್ಚಳದ ಸುತ್ತ ಇರುವ ಸಣ್ಣ ಗುಳಿಯಲ್ಲಿ ಮಳೆನೀರು ನಿಂತಿರುತ್ತದೆ, ಮುಚ್ಚಳ ತಿರುಗಿಸಿದ ಕೂಡಲೇ ಅದು ಒಳಗೆ ಇಳಿಯುತ್ತದೆ. ಮುಚ್ಚಳದ ಗಾಳಿತೂತನ್ನು ತೆರೆದು ಮುಚ್ಚುವ ಗಾಳಿ ಸ್ಕ್ರೂ ತೆರೆದೇ ಇದ್ದರೆ ಅಲೆ ಹೊಡೆದಾಗ ಉಪ್ಪುನೀರು ಅದರ ಮೂಲಕ ಹೋಗುತ್ತದೆ.

ಹಾಗಾಗಿ ಮೊದಲ ಕೆಲಸಕ್ಕೆ ದುಡ್ಡು ಬೇಡ. ಪೆಟ್ರೋಲಿಗೆ ಅಂತಲೇ ಒಂದು ಕ್ಯಾನು, ಒಂದು ಲಾಳಿಕೆ ಬೇರೆ ಇಡಿ. ಎರಡನ್ನೂ ಮನೆಯೊಳಗಲ್ಲ, ಜಗಲಿಯಾಚೆ ಒಣ ಜಾಗದಲ್ಲಿ ಮಗುಚಿ ಇಡಿ. ಮುಚ್ಚಳ ತೆರೆಯುವ ಮೊದಲು ಸುತ್ತ ಒಂದು ಒಣ ಬಟ್ಟೆ ಆಡಿಸಿ. ಗಾಳಿ ಸ್ಕ್ರೂ ಇಂಜಿನ್ ಓಡುವಾಗ ತೆರೆದಿರಬೇಕು, ನಿಲ್ಲಿಸಿದ ಮೇಲೆ ಮುಚ್ಚಿರಬೇಕು. ಇದು ಮರೆತುಹೋಗುತ್ತದೆ. ಆದ್ದರಿಂದ ಬಲೆಯ ಕೆಂಪು ಹಗ್ಗದ ತುಂಡೊಂದನ್ನು ಸ್ಕ್ರೂಗೆ ಕಟ್ಟಿ ಅಂತ ಹುಡುಗರಿಗೆ ಹೇಳುತ್ತೇನೆ, ಕಣ್ಣಿಗೆ ಬೀಳಲಿ ಎಂದು.

ಎರಡನೆಯದು, ಪೆಟ್ರೋಲನ್ನು ಸ್ಟಾಕ್ ಮಾಡಬೇಡಿ. ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ. ತಿಂಗಳು ದಾಟಿದ್ದನ್ನು, ಅದರಲ್ಲೂ ಎಣ್ಣೆ ಬೆರೆಸಿದ್ದನ್ನು, ನಾನಂತೂ ದೋಣಿಗೆ ಹಾಕುವುದಿಲ್ಲ. ರೇಟು ಏರುತ್ತದೆ ಅಂತ ಮನೆಯಲ್ಲಿ ಕ್ಯಾನುಗಟ್ಟಲೆ ತುಂಬಿಡುವವರಿಗೆ ಇನ್ನೊಂದು ಮಾತು. ಮಾರಾಟಕ್ಕಲ್ಲದ ಪೆಟ್ರೋಲನ್ನೂ ಲೈಸೆನ್ಸ್ ಇಲ್ಲದೆ 30 ಲೀಟರಿಗಿಂತ ಜಾಸ್ತಿ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ.

ಬಾಟಲಿಯಲ್ಲಿ ನೋಡುವುದು

ಎರಡು ಪರೀಕ್ಷೆ ಇದೆ. ಜನ ಇವೆರಡನ್ನೂ ಒಂದೇ ಅಂದುಕೊಂಡು ಗಲಾಟೆ ಮಾಡುತ್ತಾರೆ.

ಮೊದಲನೆಯದು ಎಥನಾಲ್ ಎಷ್ಟಿದೆ ಎಂದು ತಿಳಿಯಲು. ಉದ್ದನೆಯ ಪಾರದರ್ಶಕ ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ 20 ಮಿಲಿ ನೀರು ಅಳೆದು ಹಾಕಿ, ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಇನ್ನೊಂದು 20 ಮಿಲಿ ಹಾಕಿ ಎರಡನೇ ಗೆರೆ ಎಳೆದು, ಆ ಎರಡನೇ 20 ಮಿಲಿಯನ್ನು ಹೊರಗೆ ತೆಗೆಯಿರಿ. ಈಗ 100 ಮಿಲಿ ಪೆಟ್ರೋಲು ಹಾಕಿ. ಪೆಟ್ರೋಲನ್ನು ಸಿರಿಂಜಿನಲ್ಲಿ ಅಳೆಯಬೇಡಿ, ಒಳಗಿನ ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಹಾಕಿ ಕುಲುಕಿ, ಒಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಹತ್ತು ನಿಮಿಷ ನೆರಳಲ್ಲಿ ಇಡಿ. ಕೆಳಗಿನ ಪದರ ಮೊದಲ ಗೆರೆಯಿಂದ ಎದ್ದು ಎರಡನೇ ಗೆರೆಯ ಹತ್ತಿರ ಬಂದಿರುತ್ತದೆ. ಏರಿದ ಆ 20 ಮಿಲಿ ಚಿಲ್ಲರೆಯೇ ಎಥನಾಲ್. ಇದನ್ನು ವಿಡಿಯೋ ಮಾಡಿ "ಬಂಕಿನವರು ನೀರು ಬೆರೆಸಿದ್ದಾರೆ" ಎಂದು ಕೂಗುವವರು ಇದ್ದಾರೆ. ಬೆರೆಸಿದ್ದು ನೀವೇ. ಈ ಪರೀಕ್ಷೆಯಿಂದ ಪೆಟ್ರೋಲು ಕೆಟ್ಟಿದೆ ಅಂತ ಗೊತ್ತಾಗುವುದಿಲ್ಲ, ಎಥನಾಲ್ ಇದೆ ಅಂತ ಮಾತ್ರ ಗೊತ್ತಾಗುತ್ತದೆ.

ಎರಡನೆಯದು ನಿಮಗೆ ನಿಜವಾಗಿ ಬೇಕಾದ್ದು. ಟ್ಯಾಂಕನ್ನು ಒಂದು ಗಂಟೆ ಅಲ್ಲಾಡಿಸದೆ ಒಂದು ಮೂಲೆಗೆ ವಾಲಿಸಿ ಇಡಿ. ಒಂದು ತೆಳ್ಳನೆಯ ಪಾರದರ್ಶಕ ಪೈಪನ್ನು ಆ ಮೂಲೆಯ ತಳಕ್ಕೆ ಮುಟ್ಟಿಸಿ, ಮೇಲಿನ ತುದಿಗೆ ಹೆಬ್ಬೆರಳು ಒತ್ತಿ, ಎತ್ತಿ ಬಾಟಲಿಗೆ ಬಿಡಿ. ಬಾಯಿಂದ ಹೀರಬೇಡಿ. ಬೆಳಕಿಗೆ ಹಿಡಿದು ನೋಡಿ. ಒಂದೇ ಬಣ್ಣ, ತಿಳಿಯಾಗಿದ್ದರೆ ಸರಿ. ಮಸುಕಾಗಿ ಮಂಜು ಕಟ್ಟಿದ್ದರೆ ಮಿತಿಗೆ ಹತ್ತಿರ ಬಂದಿದೆ. ನಡುವೆ ಗೆರೆ ಕಂಡರೆ ಮುಗಿಯಿತು. ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಈ ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಟೂ-ಸ್ಟ್ರೋಕ್ ಎಣ್ಣೆಗೆ ಸಾಮಾನ್ಯವಾಗಿ ನೀಲಿಯೋ ಹಸಿರೋ ಬಣ್ಣ ಹಾಕಿರುತ್ತಾರೆ. ಆ ಬಣ್ಣವೆಲ್ಲ ಮೇಲೆ ನಿಂತು ಕೆಳಗಿನದು ಬೆಳ್ಳಗೆ ಕಾಣುತ್ತದೆ.

ಹಾಗೆ ಬೇರೆಯಾದ ಪೆಟ್ರೋಲನ್ನು ಸರಿಮಾಡುವ ಔಷಧಿ ಇಲ್ಲ. ಕುಲುಕಿದರೆ ಸೇರುವುದಿಲ್ಲ, ಹೊಸ ಪೆಟ್ರೋಲು ಸುರಿದರೆ ಹೊಸದೂ ಹಾಳು. ಕೆಳಗಿನದನ್ನು ಮಾತ್ರ ಬಸಿದು ಮೇಲಿನದನ್ನು ಓಡಿಸುತ್ತೇನೆ ಎನ್ನುವವರಿಗೆ ಹೇಳುವುದು ಇಷ್ಟೆ. ಪೆಟ್ರೋಲಿಗೆ ಇರಬೇಕಾದ ಆಕ್ಟೇನ್‌ನಲ್ಲಿ, ಅಂದರೆ ಇಂಜಿನ್ ಬಡಿಯದಂತೆ ತಡೆಯುವ ಗುಣದಲ್ಲಿ, ಒಂದು ಪಾಲು ಎಥನಾಲಿನಿಂದಲೇ ಬಂದದ್ದು. ಅದು ಕೆಳಗೆ ಹೋದ ಮೇಲೆ ಮೇಲಿನದು ಇಂಜಿನ್ ಬಡಿಯುವ ಸಪ್ಪೆ ಸರಕು.

ಪೈಪು, ರಬ್ಬರು, ಟ್ಯಾಂಕು

ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಒಣಗಿದ ಮೇಲೆ ಅದು ಬಿರುಕು ಬಿಡುತ್ತದೆ. ನಮ್ಮ ಕಡೆ ಕಂಪನಿ ಪೈಪು ಹೋದ ಮೇಲೆ ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪೈಪು ಹಾಕುವುದು ರೂಢಿ. ಹೊಸದರಲ್ಲಿ ಚೆಂದ, ಪೆಟ್ರೋಲು ಹೋಗುವುದು ಕಾಣುತ್ತದೆ. ನಾಲ್ಕು ತಿಂಗಳಲ್ಲಿ ಹಳದಿ ತಿರುಗಿ ಕಡ್ಡಿಯಾಗುತ್ತದೆ, ಜಾಯಿಂಟಿನ ಹತ್ತಿರ ಕೂದಲೆಳೆಯ ಸೀಳು ಬಿಡುತ್ತದೆ. ಆ ಸೀಳಿನಿಂದ ಪೆಟ್ರೋಲು ಸೋರುವುದಕ್ಕಿಂತ ಮೊದಲು ಗಾಳಿ ಒಳಗೆ ಹೋಗುತ್ತದೆ, ಏಕೆಂದರೆ ಇಂಜಿನ್ ಹೀರುತ್ತಿರುತ್ತದೆ. ಎಥನಾಲ್ ತಡೆಯುವ ಮೆರೈನ್ ಫ್ಯೂಯಲ್ ಹೋಸ್ ಎಂದೇ ಕೇಳಿ ತನ್ನಿ. ಜಾಯಿಂಟಿಗೆ ಸ್ಟೇನ್‌ಲೆಸ್ ಕ್ಲಾಂಪು ಹಾಕಿ, ಬೈಂಡಿಂಗ್ ವೈರ್ ಬೇಡ, ಅದು ಪೈಪನ್ನು ಕೊಯ್ಯುತ್ತದೆ.

ಹಳೆಯ ಪೈಪು ಚೆನ್ನಾಗಿದೆಯೋ ಇಲ್ಲವೋ ನೋಡಲು ಒಂದು ಒಣ ಬಟ್ಟೆಯಿಂದ ಅದನ್ನು ಉದ್ದಕ್ಕೂ ಒರೆಸಿ ಬಟ್ಟೆ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಪೈಪಿನ ಆಯಸ್ಸು ಮುಗಿದಿದೆ, ಹೊರಗೆ ಏನೂ ಕಾಣದಿದ್ದರೂ.

ಪೈಪಿನ ನಡುವೆ ಇರುವ ರಬ್ಬರ್ ಬಲ್ಬನ್ನು ಹಿಚುಕಿ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ. ಬಾಣದ ಗುರುತು ಇಂಜಿನ್ ಕಡೆಗಿರಲಿ. ಒತ್ತುತ್ತಾ ಹೋದ ಹಾಗೆ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಒಳಗಿನ ವಾಲ್ವ್ ಹೋಗಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಕಾರ್ಬೊರೇಟರ್ ಉಕ್ಕಿ ಹೋಗುತ್ತಿದೆ. ಓಡುವಾಗ ಬಲ್ಬು ಚಪ್ಪಟೆಯಾಗಿ ಒಳಗೆ ಎಳೆದುಕೊಂಡರೆ ಟ್ಯಾಂಕಿನ ಕಡೆಯಲ್ಲಿ ಅಡ್ಡಿ ಇದೆ. ಆಗ ಮೊದಲು ಗಾಳಿ ಸ್ಕ್ರೂ ನೋಡಿ. ಇಂಜಿನ್ ಸಾಯುವಾಗ ಬಲ್ಬು ಒತ್ತಿದರೆ ಮತ್ತೆ ಓಡುತ್ತದೆ ಎಂದಾದರೆ ಫ್ಯೂಯಲ್ ಪಂಪಿನ ಡಯಾಫ್ರಮ್ ನೋಡಬೇಕು. ತೆಳ್ಳನೆಯ ಹಾಳೆಯಂಥ ರಬ್ಬರದು. ಬೆಳಕಿಗೆ ಹಿಡಿದಾಗ ಸೂಜಿ ತೂತು ಕಂಡರೆ, ಅಥವಾ ಮಡಚಿದಾಗ ಹಾಗೇ ನಿಂತರೆ, ಬದಲಾಯಿಸಿ.

ಟ್ಯಾಂಕು ಪ್ಲಾಸ್ಟಿಕ್‌ನದಾದರೆ ನಿಶ್ಚಿಂತೆ. 24 ಲೀಟರಿನ ಕೆಂಪು ಟ್ಯಾಂಕು ನಮ್ಮಲ್ಲಿ ಎಲ್ಲ ಕಡೆ ಇದೆ, ಎಥನಾಲ್ ಅದಕ್ಕೆ ಏನೂ ಮಾಡುವುದಿಲ್ಲ. ಕಬ್ಬಿಣದ ಹಳೆಯ ಟ್ಯಾಂಕು ಇದ್ದರೆ ಎಸೆದುಬಿಡಿ. ಫೈಬರ್ ದೋಣಿ ಕಟ್ಟುವಾಗ ದೋಣಿಯ ಮೈಗೇ ಸೇರಿಸಿ ಫೈಬರ್ ಟ್ಯಾಂಕು ಮಾಡಿಸಬೇಡಿ. ಸೋರುವ ಟ್ಯಾಂಕಿಗೆ ಒಳಗಿನಿಂದ ರೆಸಿನ್ ಬಳಿಯಲೂ ಬೇಡಿ. ಅಮೆರಿಕದಲ್ಲಿ 2000ದ ದಶಕದಲ್ಲಿ ಪೆಟ್ರೋಲಿಗೆ ಎಥನಾಲ್ ಬಂದಾಗ ಹಳೆಯ ಬೋಟುಗಳ ಫೈಬರ್ ಟ್ಯಾಂಕಿನ ಪಾಲಿಯೆಸ್ಟರ್ ರೆಸಿನ್ ಮೆತ್ತಗಾಗಿ ಕರಗಿ, ಆ ಅಂಟು ಇಂಜಿನ್ನಿನ ವಾಲ್ವಿಗೆ ಹೋಗಿ ಕೂತಿತ್ತು. ನಮ್ಮ ದೋಣಿ ಕಟ್ಟುವವರು ಬಳಸುವುದೂ ಹೆಚ್ಚಾಗಿ ಅದೇ ಪಾಲಿಯೆಸ್ಟರ್ ರೆಸಿನ್.

ಫಿಲ್ಟರು ಹಾಕುವುದಾದರೆ ನೀರು ಬೇರ್ಪಡಿಸುವ 10 ಮೈಕ್ರಾನಿನದು ಹಾಕಿ. ದೋಣಿಯ ಹಿಂಬದಿಯಲ್ಲಿ, ಇಂಜಿನ್ನಿಗೂ ಟ್ಯಾಂಕಿಗೂ ನಡುವೆ, ಕೈಗೆ ಸಿಗುವ ಎತ್ತರದಲ್ಲಿ. ಒಂದು ಮಾತು ನೆನಪಿರಲಿ. ಅದು ಹಿಡಿಯುವುದು ಬೇರೆಯಾಗಿ ನಿಂತ ನೀರನ್ನು ಮಾತ್ರ. ಎಥನಾಲಿನಲ್ಲಿ ಕರಗಿದ ನೀರು ಅದರೊಳಗಿಂದ ಸಲೀಸಾಗಿ ಹಾದುಹೋಗುತ್ತದೆ. ಸೀಸನ್ನಿಗೊಮ್ಮೆ ಬದಲಾಯಿಸಿ. ಬಿಚ್ಚಿದಾಗ ಒಳಗಿನದನ್ನು ಬಾಟಲಿಗೆ ಸುರಿದು ನೋಡಿ, ಟ್ಯಾಂಕಿನ ಜಾತಕ ಅಲ್ಲೇ ಇರುತ್ತದೆ. ಹಳೆಯ ಟ್ಯಾಂಕಿಗೆ ಇ20 ಹಾಕತೊಡಗಿದ ಹೊಸದರಲ್ಲಿ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ, ವರ್ಷಗಟ್ಟಲೆ ಅಂಟಿಕೊಂಡಿದ್ದ ಕೊಳೆಯನ್ನು ಎಥನಾಲ್ ಬಿಡಿಸಿ ಕಳಿಸುತ್ತದೆ. ಆಗ ಎರಡನೇ ಫಿಲ್ಟರು ಕೈಯಲ್ಲಿರಲಿ.

ಕಾರ್ಬೊರೇಟರ್

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವುದು ಕಾರ್ಬೊರೇಟರ್. ಅದರೊಳಗೆ ಜೆಟ್ಟು ಎಂಬ ಸಣ್ಣ ತೂತಿನ ಹಿತ್ತಾಳೆ ತುಂಡು ಇರುತ್ತದೆ, ಆ ತೂತು ಎಷ್ಟಿದೆಯೋ ಅಷ್ಟೇ ಪೆಟ್ರೋಲು ಹೋಗುತ್ತದೆ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಒಂದು ಪಾಲು ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5ರ ಆಸುಪಾಸು. ಆದರೆ ಇಂಜಿನ್ ಮೊದಲಿನಷ್ಟೇ ಗಾಳಿ ಎಳೆಯುತ್ತದೆ. ಹಾಗಾಗಿ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಇದನ್ನೇ ಲೀನ್ ಎನ್ನುವುದು. ಲೀನ್ ಓಡಿದ ಇಂಜಿನ್ ಜಾಸ್ತಿ ಕಾಯುತ್ತದೆ. ಜೆಟ್ಟು ಚೊಕ್ಕವಾಗಿದ್ದರೆ ಇಷ್ಟನ್ನು ಹೆಚ್ಚಿನ ಇಂಜಿನ್ನುಗಳು ತಡೆದುಕೊಳ್ಳುತ್ತವೆ. ಜೆಟ್ಟಿನಲ್ಲಿ ಒಂದಿಷ್ಟು ಅಂಟು ಕೂತಿದ್ದು, ಅದರ ಮೇಲೆ ಇ20 ಆದರೆ, ಪಿಸ್ಟನ್ ಜಾಮ್ ಆಗುವ ದಾರಿ ಅದು. ಅದಕ್ಕೆಂದು ಡ್ರಿಲ್ ಹಿಡಿದು ಜೆಟ್ಟಿನ ತೂತು ದೊಡ್ಡದು ಮಾಡಲು ಹೋಗಬೇಡಿ. ಒಂದು ಸೈಜ್ ದೊಡ್ಡ ಜೆಟ್ಟು ಬೇಕೆಂದರೆ ನಂಬರ್ ನೋಡಿ ಕೊಳ್ಳಬಹುದು.

ಲೀನ್ ಆಗಿದೆಯೋ ಎಂದು ತಿಳಿಯಲು ನೀರಿನ ಮೇಲೆಯೇ ಒಂದು ಉಪಾಯವಿದೆ. ಇಂಜಿನ್ ಬಿಸಿಯಾದ ಮೇಲೆ, ಓಡುತ್ತಾ ಕೆಮ್ಮುವಾಗ, ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕನ್ನು ಸ್ವಲ್ಪವೇ ಎಳೆಯಿರಿ. ಚೋಕ್ ಎಳೆದಾಗ ಇನ್ನೂ ಹಾಳಾದರೆ ಕಾರಣ ಬೇರೆ. ಎಳೆದ ಕೂಡಲೇ ಸರಿಯಾಗಿ ಓಡಿದರೆ ಜೆಟ್ಟು ಕಟ್ಟಿದೆ, ಅಥವಾ ಪೆಟ್ರೋಲು ಸಾಲುತ್ತಿಲ್ಲ. ಹಾಗೇ ಚೋಕ್ ಎಳೆದುಕೊಂಡು ಸೀಸನ್ ಪೂರ್ತಿ ಓಡಿಸುವವರನ್ನೂ ನೋಡಿದ್ದೇನೆ. ದಡಕ್ಕೆ ಬರಲು ಮಾತ್ರ ಅದನ್ನು ಬಳಸಿ.

ಈಗ ಬಿಚ್ಚುವುದು. ಕಾರ್ಬೊರೇಟರ್‌ನ ಕೆಳಗಿನ ಬಟ್ಟಲಿನ ತಳದಲ್ಲಿ ಒಂದು ಹಿತ್ತಾಳೆ ಸ್ಕ್ರೂ ಇರುತ್ತದೆ. ಗಾಜಿನ ಲೋಟ ಹಿಡಿದು ಅದನ್ನು ಸಡಿಲಿಸಿ. ಬಂದ ಪೆಟ್ರೋಲನ್ನು ಲೋಟದಲ್ಲಿ ನಿಧಾನ ತಿರುಗಿಸಿ ನೋಡಿ. ನೀರಿದ್ದರೆ ತಳದಲ್ಲಿ ಬೇರೆ ಹನಿಯಾಗಿ ಹೊರಳಾಡುತ್ತದೆ, ಪೆಟ್ರೋಲಿನ ಜೊತೆ ಸೇರದೆ. ಬಟ್ಟಲು ಬಿಚ್ಚಿದಾಗ ಮೂಲೆಗಳಲ್ಲಿ ಬಿಳಿ ಪುಡಿ ಕೂತಿದ್ದರೆ ಅದು ಅಲ್ಯೂಮಿನಿಯಂ ತಿಂದದ್ದು. ಹಿತ್ತಾಳೆ ಜೆಟ್ಟಿನ ಸುತ್ತ ಹಸಿರು ಕಟ್ಟಿದ್ದರೆ ಉಪ್ಪುನೀರು ಹೋಗಿದೆ. ತಳ ಕಂದು ಬಣ್ಣದಲ್ಲಿ ಮೆರುಗು ಬಂದು, ಉಗುರಿನಲ್ಲಿ ಕೆರೆದರೆ ಅಂಟು ಅಂಟಾಗಿ ಎದ್ದರೆ ಅದು ಬರೀ ಹಳೆಯ ಪೆಟ್ರೋಲು, ಎಥನಾಲಿನ ಮೇಲೆ ತಪ್ಪು ಹೊರಿಸಬೇಡಿ.

ಜೆಟ್ಟುಗಳನ್ನು ಸರಿಯಾದ ಅಗಲದ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಿ. ಸಣ್ಣದು ಹಾಕಿದರೆ ಜೆಟ್ಟಿನ ತಲೆಯ ಹಿತ್ತಾಳೆ ಸೀಳು ಹರಿದುಹೋಗುತ್ತದೆ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ನೆನೆಯಲು ಬಿಡಿ, ಆಮೇಲೆ ಗಾಳಿ ಊದಿಸಿ. ಕಣ್ಣಿಗೆ ಕನ್ನಡಕ ಇರಲಿ, ಆ ಸ್ಪ್ರೇ ತಿರುಗಿ ಮುಖಕ್ಕೇ ಬರುತ್ತದೆ. ಜೆಟ್ಟನ್ನು ಆಕಾಶಕ್ಕೆ ಹಿಡಿದರೆ ತೂತು ಪೂರ್ತಿ ದುಂಡಗೆ ಕಾಣಬೇಕು. ಕಾಣದಿದ್ದರೆ ಸಣ್ಣ ಗಾಳದ ನೈಲಾನ್ ದಾರ ತೂರಿಸಿ. ಸೂಜಿ, ತಂತಿ ಹಾಕಬೇಡಿ, ಒಳಗೆ ಗೀರು ಬಿದ್ದರೆ ಅಳತೆ ತಪ್ಪುತ್ತದೆ. ಐಡಲಿಂಗಿನ ಪೈಲಟ್ ಜೆಟ್ಟಿನ ತೂತು ಎಲ್ಲಕ್ಕಿಂತ ಸಣ್ಣದು, ಮೊದಲು ಕಟ್ಟುವುದೂ ಅದೇ. ಬಟ್ಟಲಿನ ಹಳೆಯ ಪ್ಯಾಕಿಂಗ್ ಉಬ್ಬಿ ತನ್ನ ಕಾಲುವೆಯಲ್ಲಿ ಕೂರುವುದಿಲ್ಲವಾದರೆ ಹೊಸದು ಹಾಕಿ, ಎಳೆದು ಕೂರಿಸಬೇಡಿ. ಬಟ್ಟಲಿಗೆ ಪೆಟ್ರೋಲು ಬರುವುದನ್ನು ತೆರೆದು ಮುಚ್ಚುವ ಫ್ಲೋಟಿನ ಸೂಜಿಯ ತುದಿಯಲ್ಲಿ ಸುತ್ತ ಗೆರೆ ಬಿದ್ದಿದ್ದರೆ ಅದನ್ನೂ ಬದಲಾಯಿಸಿ.

ಸೀಮೆಎಣ್ಣೆ ಇಂಜಿನ್ ಇರುವವರು

ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಇಂಜಿನ್ ಜಾಸ್ತಿ. ದಡಕ್ಕೆ ಬರುವಾಗ ಮತ್ತೆ ಪೆಟ್ರೋಲಿಗೆ ತಂದು ನಿಲ್ಲಿಸಬೇಕು, ಇಲ್ಲದಿದ್ದರೆ ಮರುದಿನ ಸ್ಟಾರ್ಟ್ ಆಗುವುದಿಲ್ಲ. ಇದನ್ನು ದೋಣಿ ನಡೆಸುವ ಹಿರಿಯ ತಾಂಡೇಲರು ಹೇಳಿಕೊಟ್ಟಿದ್ದು ಸರಿಯೇ ಇದೆ. ದಿನಾ ಕಡಲಿಗೆ ಹೋಗುವವರು ಅದನ್ನೇ ಮಾಡಿ. ಆದರೆ ಹೀಗೆ ನಿಲ್ಲಿಸಿದಾಗ ಕಾರ್ಬೊರೇಟರ್ ಬಟ್ಟಲಿನಲ್ಲಿ ಉಳಿಯುವುದು ಇ20. ನಾಲ್ಕು ದಿನಕ್ಕಿಂತ ಹೆಚ್ಚು ದೋಣಿ ನಿಲ್ಲುತ್ತದೆ ಎಂದಾದರೆ ಒಂದು ಹೆಜ್ಜೆ ಸೇರಿಸಿ. ಪೆಟ್ರೋಲಿಗೆ ತಂದು ಎರಡು ಮೂರು ನಿಮಿಷ ಓಡಿಸಿ, ಪೈಪು ಕಿತ್ತು, ಅದು ತಾನಾಗಿ ನಿಲ್ಲುವವರೆಗೆ ಬಿಡಿ. ಸ್ಟಾರ್ಟಿಂಗಿನ ಪೆಟ್ರೋಲ್ ಟ್ಯಾಂಕು ಸಣ್ಣದು, ದಿನಕ್ಕೆ ಖರ್ಚಾಗುವುದೂ ಒಂದಿಷ್ಟೇ. ಹಾಗಾಗಿ ಅದರಲ್ಲಿರುವುದೇ ಎಲ್ಲಕ್ಕಿಂತ ಹಳೆಯ ಪೆಟ್ರೋಲಾಗಿರುತ್ತದೆ. ಅದನ್ನು ತುಂಬಿಡಬೇಡಿ, ವಾರಕ್ಕೆ ಬೇಕಾದಷ್ಟೇ ಹಾಕಿ. ಡೀಸೆಲ್ ಬೋಟಿನವರಿಗೆ ಎಥನಾಲಿನ ಗೊಡವೆ ಇಲ್ಲ. ನೀರಿನ ಗೊಡವೆ ಇದೆ, ಸೆಪರೇಟರ್ ಬಸಿದು ನೋಡುವ ಕೆಲಸ ಅವರಿಗೂ ತಪ್ಪಿದ್ದಲ್ಲ.

ಎಣ್ಣೆಯ ವಿಷಯ ಒಂದೇ ಮಾತು. ನೀರಿನಿಂದ ತಂಪಾಗುವ ಔಟ್‌ಬೋರ್ಡಿಗೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದು ಬರೆದದ್ದು ಬೇಕು, ಸ್ಕೂಟರಿನ 2ಟಿ ಅಲ್ಲ. ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ.

ನಿಲ್ಲಿಸಿಡುವಾಗ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೂ, 10 ಅಶ್ವಶಕ್ತಿಗಿಂತ ಹೆಚ್ಚಿನ ಇಂಜಿನ್ ಕಟ್ಟಿದ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಸಣ್ಣ ಇಂಜಿನ್ನಿನ ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಪ್ರವಾಸಿ ಬೋಟುಗಳು ಮಾತ್ರ ಮಳೆ ಬಿಡುವವರೆಗೆ ನಿಂತೇ ಇರುತ್ತವೆ. ವರ್ಷದಲ್ಲೇ ಅತಿ ಹೆಚ್ಚು ತೇವ ಇರುವ ತಿಂಗಳುಗಳಲ್ಲಿ ಪೆಟ್ರೋಲು ಅಲ್ಲಾಡದೆ ನಿಲ್ಲುವುದು ಎಂದರೆ ಇದೇ. ಆದ್ದರಿಂದ ಮೇ ತಿಂಗಳ ಕೊನೆಯ ವಾರದಲ್ಲಿ ಈ ಕೆಲಸ ಮುಗಿಸಿ.

ಕೊನೆಯ ಕೆಲವು ದಿನ ಟ್ಯಾಂಕು ತುಂಬಿಸದೆ ಇರುವುದನ್ನು ಖಾಲಿ ಮಾಡುತ್ತಾ ಬನ್ನಿ. ಆದರೆ ಇ20ಯಲ್ಲಿ ಲೀಟರಿಗೆ ಸಿಗುವ ಶಕ್ತಿ ಆರೇಳು ಶೇಕಡಾ ಕಡಿಮೆ ಎಂಬುದನ್ನು ಮರೆಯಬೇಡಿ. ಅಳಿವೆಯಲ್ಲಿ ಅಲೆ ಎದ್ದಾಗ ಪೆಟ್ರೋಲು ಮುಗಿದರೆ ಯಾವ ಲೆಕ್ಕವೂ ಕೈಹಿಡಿಯುವುದಿಲ್ಲ. ಉಳಿದದ್ದು ಎಣ್ಣೆ ಬೆರೆಸದ ಪೆಟ್ರೋಲಾದರೆ, ಬಾಟಲಿಯಲ್ಲಿ ನೋಡಿ ಚೆನ್ನಾಗಿದ್ದರೆ, ಬೈಕಿಗೆ ಹಾಕಿ ಓಡಿಸಿ. ಎಣ್ಣೆ ಬೆರೆಸಿದ್ದಾದರೆ ಓಡುತ್ತಿರುವ ಬೇರೆ ದೋಣಿಯವರಿಗೆ ಕೊಡಿ.

ಇಂಜಿನ್ನನ್ನು ಸಿಹಿನೀರಿನ ಡ್ರಮ್ಮಿಗೆ ಇಳಿಸಿ ಸ್ಟಾರ್ಟ್ ಮಾಡಿ. ನೀರಿಲ್ಲದೆ ಒಂದು ನಿಮಿಷವೂ ಓಡಿಸಬೇಡಿ, ನೀರು ಎತ್ತುವ ರಬ್ಬರ್ ಫ್ಯಾನು ಸುಟ್ಟುಹೋಗುತ್ತದೆ. ಹತ್ತು ನಿಮಿಷ ಓಡಿದರೆ ಉಪ್ಪು ತೊಳೆದುಹೋಗುತ್ತದೆ. ಈಗ ಪೆಟ್ರೋಲ್ ಪೈಪು ಕಿತ್ತುಬಿಡಿ, ಅದು ಕೆಮ್ಮಿ ತಾನಾಗಿ ನಿಲ್ಲಲಿ. ಇಲ್ಲಿಗೇ ಮುಗಿಯಿತು ಎಂದು ಮನೆಗೆ ಹೋಗುವವರೇ ಹೆಚ್ಚು. ನಿಂತ ಮೇಲೂ ಬಟ್ಟಲಿನ ತಳದಲ್ಲಿ ಒಂದೆರಡು ಚಮಚ ಉಳಿದಿರುತ್ತದೆ, ಜೆಟ್ಟಿಗೆ ಎಟುಕದಷ್ಟು ಕೆಳಗೆ. ಜೆಟ್ಟು ಕಟ್ಟುವುದು ಆ ಒಂದೆರಡು ಚಮಚದಿಂದಲೇ. ಬಟ್ಟಲಿನ ಸ್ಕ್ರೂ ಬಿಚ್ಚಿ ಅದನ್ನೂ ಬಸಿಯಿರಿ.

ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚ ಟೂ-ಸ್ಟ್ರೋಕ್ ಎಣ್ಣೆ ಬಿಡಿ. ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತೆಗೆದಿಟ್ಟು, ಹಗ್ಗವನ್ನು ನಿಧಾನವಾಗಿ ಮೂರ್ನಾಲ್ಕು ಸಲ ಎಳೆಯಿರಿ. ಸುತ್ತ ಪೆಟ್ರೋಲ್ ವಾಸನೆ ಆರಿರಲಿ. ಖಾಲಿ ಟ್ಯಾಂಕನ್ನು ಮುಚ್ಚಳ ತೆಗೆದು ಒಂದು ದಿನ ಬಿಸಿಲು ತಾಗದ ಗಾಳಿಯಲ್ಲಿಟ್ಟು, ಆಮೇಲೆ ಗಾಳಿ ಸ್ಕ್ರೂ ಬಿಗಿದು ಒಳಗಿಡಿ. ಹತ್ತಿರದಲ್ಲಿ ಬೀಡಿ, ಒಲೆ, ಸ್ವಿಚ್ ಬೋರ್ಡು ಬೇಡ. ಖಾಲಿ ಟ್ಯಾಂಕಿನೊಳಗಿನ ಆವಿಯೇ ತುಂಬಿದ ಟ್ಯಾಂಕಿಗಿಂತ ಅಪಾಯ.

ಸ್ಟೆಬಿಲೈಸರ್ ಹಾಕಿದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ದೊಡ್ಡ ಬೋಟಿನ ಒಳಗೇ ಕೂರಿಸಿದ, ಬಿಚ್ಚಲಾಗದ ಟ್ಯಾಂಕಿಗೆ ಅದು ಬೇಕು. ಹೊಸ ಪೆಟ್ರೋಲಿಗೇ ಹಾಕಿ, ಕಾರ್ಬೊರೇಟರ್‌ಗೂ ತಲುಪುವ ಹಾಗೆ ಹತ್ತು ನಿಮಿಷ ಓಡಿಸಿ, ಟ್ಯಾಂಕು ಹೆಚ್ಚುಕಮ್ಮಿ ತುಂಬಿಯೇ ಇಡಿ, ಒಳಗೆ ತೇವದ ಗಾಳಿಗೆ ಜಾಗ ಕಡಿಮೆ ಇರಲಿ. ಅದು ಪೆಟ್ರೋಲು ಅಂಟಾಗುವುದನ್ನು ತಡೆಯುತ್ತದೆ, ನೀರು ತೆಗೆಯುವುದಿಲ್ಲ. "ನೀರು ತೆಗೆಯುವ" ಎಂದು ಮಾರುವ ಸಣ್ಣ ಬಾಟಲಿಗಳಲ್ಲಿ ಎಷ್ಟೋ ಸಲ ಇರುವುದು ಇನ್ನೊಂದು ಬಗೆಯ ಆಲ್ಕೋಹಾಲ್. ಲೀಟರಿಗೆ 200 ಮಿಲಿ ಈಗಾಗಲೇ ಇರುವಾಗ ಅದಕ್ಕೆ ದುಡ್ಡು ಕೊಡುವುದು ಯಾಕೆ?

ಕೆಟ್ಟ ಪೆಟ್ರೋಲನ್ನು ಹೊಳೆಗೆ ಚೆಲ್ಲಬೇಡಿ. ದಕ್ಕೆಯ ಪಕ್ಕದಲ್ಲೇ ಹೆಂಗಸರು ಇಳಿತದ ಹೊತ್ತಿಗೆ ಚಿಪ್ಪು ಹೆಕ್ಕುತ್ತಾರೆ. ಮುಚ್ಚಳ ಬಿಗಿಯಾದ ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ "ಕೆಟ್ಟ ಪೆಟ್ರೋಲು" ಎಂದು ಬರೆದು, ವೇಸ್ಟ್ ಆಯಿಲ್ ಒಯ್ಯುವವರು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ವೇಸ್ಟ್ ಆಯಿಲ್ ಜೊತೆ ಬೆರೆಸಬೇಡಿ, ಕಸಕ್ಕೆ ಬೆಂಕಿ ಹಚ್ಚಲೂ ಬಳಸಬೇಡಿ.

ಸೀಸನ್ ಶುರುವಾದಾಗ ಹೊಸ ಪೆಟ್ರೋಲು ಹಾಕಿ, ಪೈಪು ಜೋಡಿಸುವ ಮೊದಲು ಅದರ ತುದಿಯಿಂದ ಬಲ್ಬು ಒತ್ತಿ ಒಂದು ಲೋಟದಷ್ಟು ಹೊರಗೆ ಬಿಟ್ಟು ನೋಡಿ. ಮೊದಲ ದಿನ ಹೊಳೆಯೊಳಗೇ ಅರ್ಧ ಗಂಟೆ ಓಡಿಸಿ, ಫುಲ್ ಸ್ಪೀಡಿನಲ್ಲಿ ಸ್ವಲ್ಪ ಹೊತ್ತು ಹೋಗಿ ಅಲ್ಲೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಜಾಸ್ತಿ. ಬೆಳ್ಳಗೆ ಸುಟ್ಟ ಹಾಗಿದ್ದರೆ ಅಳಿವೆ ದಾಟಬೇಡಿ, ತಿರುಗಿ ಬಂದು ಕಾರ್ಬೊರೇಟರ್ ಇನ್ನೊಮ್ಮೆ ಬಿಚ್ಚಿ. ದೋಣಿಯಲ್ಲಿ ಒಂದು ಜೊತೆ ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದು ಫಿಲ್ಟರು, ಒಂದು ಮಾರು ಪೆಟ್ರೋಲ್ ಪೈಪು, ನಾಲ್ಕು ಕ್ಲಾಂಪು, ಒಂದು ಖಾಲಿ ಗಾಜಿನ ಬಾಟಲಿ ಯಾವಾಗಲೂ ಇರಲಿ.